ಹೂವಿನ ಮೊಳೆ

ಕತ್ತಿಯ ಕೆಳಗೆ ಹಿಪ್ಪುನೇರಳೆ ಸೊಪ್ಪು ಎರಡು ಬೆರಳಗಲದ ಪಟ್ಟಿಗಳಾಗಿ ಬೀಳುತ್ತಿತ್ತು. ಒಂದು ಕಟ್ಟು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ತೇಜಸ್ವಿನಿ ಪಕ್ಕದ ತಟ್ಟೆಯತ್ತ ತಿರುಗಿ ನೋಡಿದಳು. ಹುಳುಗಳ ಮೈ ಬಿಗಿದು ಹೊಳೆಯತೊಡಗಿತ್ತು. ಕೆಲವು ಆಗಲೇ ತಿನ್ನುವುದು ಬಿಟ್ಟು, ಯಾರೋ ಹೆಸರು ಹಿಡಿದು ಕರೆದ ಹಾಗೆ, ತಲೆ ಎತ್ತಿ ನಿಂತಿದ್ದವು. ಅವಳು ಹೆಚ್ಚಿದ ಸೊಪ್ಪನ್ನು ತೆಳ್ಳಗೆ ಉದುರಿಸಿದಳು. ಇನ್ನು ಒಂದು ಊಟವೋ ಎರಡೋ. ಆಮೇಲೆ ಇಡೀ ಕೋಣೆ ಮೂರನೇ ಜ್ವರಕ್ಕೆ ಹೋಗುತ್ತದೆ.

ರೇಷ್ಮೆ ಹುಳು ಪೊರೆ ಬಿಡುವ ಹೊತ್ತನ್ನು ಈ ಕಡೆಯವರು ಜ್ವರ ಎನ್ನುತ್ತಾರೆ. ಜ್ವರದಲ್ಲಿರುವ ಹುಳು ತಿನ್ನುವುದಿಲ್ಲ, ಅಲುಗುವುದಿಲ್ಲ. ಅದನ್ನು ಮುಟ್ಟಬಾರದು, ಸೆಕೆಯಲ್ಲಿ ಬೇಯಿಸಬಾರದು, ಹೊಗೆ ತಾಗಿಸಬಾರದು. ಎಲ್ಲವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಅವಸರಪಟ್ಟು ಮೊದಲು ಎದ್ದವಕ್ಕೆ ಹಾಕಿದರೆ ಮಲಗಿರುವವು ಸೊಪ್ಪಿನ ಅಡಿಯಲ್ಲಿ ಹೂತುಹೋಗುತ್ತವೆ. ಮೊಟ್ಟೆಯೊಡೆದು ಬಂದ, ಇರುವೆಗಿಂತ ಸಣ್ಣ ಹುಳುವನ್ನು ಎರಡು ಜ್ವರ ದಾಟಿಸಿ ಹಳ್ಳಿಯ ರೈತರ ಕೈಗೆ ಕೊಡುವುದಕ್ಕೆ ಚಾಕಿ ಎಂದು ಹೆಸರು. ಮದುವೆಯಾಗಿ ಮೈಸೂರಿನ ಅಂಚಿನ ಹಿನಕಲ್ಲಿಗೆ ಬಂದ ವರ್ಷದಿಂದ ತೇಜಸ್ವಿನಿ ಮಾಡುತ್ತಿರುವುದು ಇದೇ ಕೆಲಸ. ಆಗ ಹಿತ್ತಲಿನ ಬಾಗಿಲು ತೆಗೆದರೆ ಕಣ್ಣು ಹೋಗುವಷ್ಟು ದೂರ ಸೊಪ್ಪಿನ ತೋಟ. ಈಗ ಅದೇ ಬಾಗಿಲು ತೆಗೆದರೆ ಪಿಜಿಯೊಂದರ ಬಾತ್‌ರೂಮಿನ ಪೈಪುಗಳು. ತೋಟ ಇಲವಾಲದ ಆಚೆಗೆ ಸರಿದಿದೆ. ಅಲ್ಲಿಂದ ಗಂಡ ಚೆಲುವರಾಜು ಬೆಳಗಾಗುವ ಮೊದಲೇ ಲಗೇಜ್ ಆಟೋದಲ್ಲಿ ಸೊಪ್ಪು ತರುತ್ತಾನೆ. ಬೀಡಿ ಸೇದುವ ಕೈಯಾದ್ದರಿಂದ ಅವನಿಗೆ ಹುಳುವಿನ ಕೋಣೆಗೆ ಪ್ರವೇಶವಿಲ್ಲ. ಮದುವೆಯಾದ ಹೊಸತರಲ್ಲಿ, ಬೀಡಿ ಬಿಡುತ್ತೇನೆ ಎನ್ನುತ್ತಿದ್ದ. ಈಗ, ನೀನೂ ನಿನ್ನ ಹುಳವೂ ಚೆನ್ನಾಗಿರಿ, ನಾನು ಜಗಲಿ ಕಾಯ್ತೀನಿ ಎನ್ನುತ್ತಾನೆ.

ಹೊಗೆಗಿರುವ ನಿಯಮವೇ ಹೂವಿಗೂ. ಗೇಟಿನ ಕಂಬದಲ್ಲಿ, ಕೈಗೆಟಕುವ ಎತ್ತರದಲ್ಲಿ, ಒಂದು ಉದ್ದನೆಯ ಮೊಳೆ ಇದೆ. ಅತ್ತೆಯ ಕಾಲದ್ದು. ಮನೆಯಲ್ಲಿ ಹುಳು ಇರುವಾಗ ಬರುವ ಯಾವ ಹೆಂಗಸಾದರೂ ಮುಡಿದ ಹೂವನ್ನು ತೆಗೆದು ಆ ಮೊಳೆಗೆ ಸಿಕ್ಕಿಸಿ ಒಳಗೆ ಬರಬೇಕು, ಹೋಗುವಾಗ ಮುಡಿದುಕೊಂಡು ಹೋಗಬೇಕು. ಮಲ್ಲಿಗೆಯ ವಾಸನೆಗೆ ಹುಳು ನಿಜಕ್ಕೂ ಕೆಡುತ್ತದೆಯೋ ಇಲ್ಲವೋ ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಅತ್ತೆ ಹೇಳಿದ್ದರು, ತೇಜಸ್ವಿನಿ ಪಾಲಿಸಿದಳು. ಊದುಬತ್ತಿ ಇಲ್ಲ, ಪೌಡರ್ ಇಲ್ಲ, ಸೊಳ್ಳೆಬತ್ತಿ ಇಲ್ಲ. ಮಲ್ಲಿಗೆಗೆ ತನ್ನ ಹೆಸರು ಕೊಟ್ಟ ಊರಿನಲ್ಲಿ, ವರ್ಷದ ಹೆಚ್ಚಿನ ಪಾಲು ಬರಿಯ ತುರುಬಿನಲ್ಲೇ ಅವಳ ಪ್ರಾಯ ಕಳೆದಿತ್ತು. ಅರಿಶಿನ ಕುಂಕುಮಕ್ಕೆ ಹೋದಾಗ ಹೂವಿನ ತಟ್ಟೆಗೆ ಕೈಮುಗಿದು ಸುಮ್ಮನಾಗುತ್ತಿದ್ದಳು. ಗೊತ್ತಿಲ್ಲದ ಹೆಂಗಸರ ಕಣ್ಣು ಮೊದಲು ಅವಳ ತುರುಬಿಗೆ, ಆಮೇಲೆ ಕೊರಳಿನ ತಾಳಿಗೆ, ಮತ್ತೆ ತುರುಬಿಗೆ ಹೋಗುವುದನ್ನು ನೋಡುತ್ತಿದ್ದಳು. ಮೊದಮೊದಲು ವಿವರಿಸುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಜಗಲಿಯ ಮೇಲೆ ಫೋನ್ ಬಡಿದುಕೊಳ್ಳತೊಡಗಿತು. ಕತ್ತಿ ಕೆಳಗಿಟ್ಟು ಹೊರಗೆ ಬಂದಳು. ಮಗಳು ಸಿಂಚನ. ಒಂಟಿಕೊಪ್ಪಲಿನ ಅತ್ತೆಮನೆಯಿಂದ.

"ಅಮ್ಮ, ಭಾನುವಾರಕ್ಕೆ ಮೊಗ್ಗಿನ ಜಡೆ ಅಗ್ರಹಾರದ ಹೂವಿನಂಗಡೀಲಿ ಹೇಳೋದಾ, ಇಲ್ಲಾ ನೀನೇ ಹೇಳ್ತೀಯಾ ಅಂತ ಅತ್ತೆ ಕೇಳ್ತಿದ್ದಾರೆ."

"ನೀವೇ ಹೇಳ್ಬುಡಿ ಕಣೆ. ನಿಮ್ಮಪ್ಪ ಹೋಗಿ ತಂದುಕೊಡ್ತಾರೆ."

"ತರೋದಲ್ಲಮ್ಮ. ಸೀಮಂತದ ಜಡೆ ತವರಿನೋರೇ ಕಟ್ಬೇಕಂತೆ."

ತೇಜಸ್ವಿನಿ ಗೇಟಿನ ಕಡೆ ನೋಡಿದಳು. ಬಿಸಿಲು ಆಗಲೇ ಕಣ್ಣು ಕುಕ್ಕುವಂತಿತ್ತು. "ಭಾನುವಾರ ಹುಳ ಜ್ವರದಲ್ಲಿರುತ್ತೆ ಸಿಂಚು. ಸಾಯಂಕಾಲ ಏಳೋಕೆ ಶುರುವಾಗುತ್ತೆ. ಮೊಗ್ಗಿನ ಜಡೆ ಕಟ್ಟಿದ ಕೈಯ ವಾಸನೆ ಎಷ್ಟು ಸೋಪು ಹಾಕಿದ್ರೂ ಮಾರನೇ ದಿನದವರೆಗೂ ಹೋಗಲ್ಲ. ನಾನು ಬಂದೇ ಬರ್ತೀನಿ. ಜಡೆ ಮಾತ್ರ ನಿಮ್ಮತ್ತೆ ಕಟ್ಲಿ."

"ಸರಿ ಬಿಡಮ್ಮ," ಎಂದಳು ಸಿಂಚನ. ಜಗಳವಾಡಿದ್ದರೆ ಚೆನ್ನಾಗಿತ್ತು. ಚಿಕ್ಕವಳಿದ್ದಾಗ ಆಡುತ್ತಿದ್ದಳು. ಸ್ಕೂಲ್ ಡೇ ದಿನ ಮುಡಿದ ಹೂವನ್ನು ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಳ್ಳುವ ಮೊದಲೇ ಮೊಳೆಗೆ ಸಿಕ್ಕಿಸಬೇಕಾಗುತ್ತಿತ್ತು. ಗೇಟಿನ ಹೊರಗೇ ಕೂತು ಅಳುತ್ತಿದ್ದಳು.

ಅಷ್ಟರಲ್ಲಿ ಬೀಗಿತ್ತಿ ಗಿರಿಜಾಂಬಾ ಫೋನ್ ಕಿತ್ತುಕೊಂಡರು. "ಏನ್ ಬೀಗ್ತಿ, ನಿಮ್ಮ ಹುಳಗಳಿಗೂ ಸೇರಿಸಿ ಒಟ್ಟಿಗೇ ಸೀಮಂತ ಮಾಡ್ಬುಡೋಣ್ವಾ? ಹಸಿರು ಸೀರೆ ಎಷ್ಟು ಬೇಕಾಗುತ್ತೋ ಏನೋ."

ತೇಜಸ್ವಿನಿ ನಕ್ಕಳು. ಗಿರಿಜಾಂಬಾರ ಮಾತಿನ ಚೂಪು ಅವಳಿಗೆ ಅಭ್ಯಾಸವಾಗಿತ್ತು, ಅದರೊಳಗಿನ ವಿಶ್ವಾಸವೂ. "ನೀವೇ ಕಟ್ಟಿ ಅಕ್ಕ. ನೀವು ಬೇರೆ, ನಾನು ಬೇರೆನಾ."

"ಅದೊಂದು ಆಗಲ್ಲ ಕಣ್ರೀ. ಹೆತ್ತೋಳು ಕಣ್ಣೆದುರಿಗೆ ನಿಂತಿರುವಾಗ ಚೊಚ್ಚಲ ಬಸುರಿಗೆ ನಾನು ಜಡೆ ಕಟ್ಟಲ್ಲ. ನೀವು ಕಟ್ಟಿದ್ರೆ ಮೊಗ್ಗಿನ ಜಡೆ. ಇಲ್ಲಾಂದ್ರೆ ಬರೀ ಜಡೇಲೇ ಹಸೆ ಮೇಲೆ ಕೂರಿಸ್ತೀನಿ. ಯೋಚ್ನೆ ಮಾಡಿ ಹೇಳಿ."

ಫೋನಿಟ್ಟಾಗ ಬೋರಮ್ಮ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ಕಾಲು ತೊಳೆದ ನೀರು ಆರುವುದನ್ನು ಕಾಯುತ್ತಿದ್ದಳು. ತಿ. ನರಸೀಪುರದ ಕಡೆಯವಳು. ಅರ್ಧ ಎಕರೆ ಸೊಪ್ಪು, ಶೀಟು ಹೊದಿಸಿದ ಒಂದು ಶೆಡ್ಡು, ಅಷ್ಟೇ ಅವಳ ಬೇಸಾಯ. ತೇಜಸ್ವಿನಿಗಿಂತ ಕೆಲವು ವರ್ಷ ದೊಡ್ಡವಳು. ಈ ಬೆಳೆಗೆ ಸೊಪ್ಪು ಹೆಚ್ಚಲು ಅವಳ ಊರಿನ ಹೆಂಗಸರು ಸರದಿಯ ಮೇಲೆ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಇವತ್ತು ಅವಳ ಸರದಿ.

"ಏನಂತೆ ಮಗಳು?"

"ಏನಿಲ್ಲ ಬೋರಕ್ಕ."

"ಏನಿಲ್ದಿದ್ದಕ್ಕೆ ಮೊಕ ಇಂಗ್ ಬಾಡ್ತದಾ. ಉಳ ಉಣ್ದೆ ಬುಟ್ರೂ ನಿನ್ ಮೊಕ ಇಂಗಾಗಲ್ಲ."

ತೇಜಸ್ವಿನಿ ಹೇಳಿದಳು. ಹೇಳಬಾರದಿತ್ತು ಅಂತ ಆಮೇಲೆ ಅನಿಸಿತು. ಏಕೆಂದರೆ ಭಾನುವಾರದ ಹೊತ್ತಿಗೆ ಹುಳು ಮನೆಯಲ್ಲೇ ಇರುವುದಕ್ಕೆ ಕಾರಣ ಬೋರಮ್ಮನ ಊರಿಗೆ ತಾನು ಕೊಟ್ಟ ಮಾತು. ಎಂದಿನ ಹಾಗೆ ಎರಡನೇ ಜ್ವರಕ್ಕೇ ಹುಳು ಕಳಿಸಿದ್ದರೆ ಈ ವೇಳೆಗೆ ಕೋಣೆ ತೊಳೆದು, ಮೊಳೆ ಬರಿದಾಗಿ, ಅವಳು ತಲೆ ತುಂಬ ಹೂ ಮುಡಿದು ಓಡಾಡಬಹುದಿತ್ತು.

ಹೋದ ಬೇಸಿಗೆಯನ್ನು ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಮೊದಲೂ ಬೇಸಿಗೆ ಇತ್ತು, ಆದರೆ ಸಂಜೆಯಾದರೆ ತಣ್ಣಗಾಗುತ್ತಿತ್ತು. ಹೋದ ವರ್ಷ ಸಂಜೆ ತಣ್ಣಗಾಗಲಿಲ್ಲ. ಬೆಳಗಿನ ಜಾವವೂ ಕಾವಲಿಯ ಪಕ್ಕ ನಿಂತ ಹಾಗಿತ್ತು. ಆ ಕಡೆಯ ಶೀಟಿನ ಶೆಡ್ಡುಗಳಲ್ಲಿ ಹುಳುಗಳು ಸೊಪ್ಪಿನ ಮೇಲೆ ತಲೆಯಿಟ್ಟು ಹಾಗೇ ಮೆತ್ತಗಾದವು. ಹೆಂಗಸರು ತಟ್ಟೆಗಳನ್ನು ಹೊತ್ತು ಗುಂಡಿಗೆ ಸುರಿದರು. ಕೆಲವರು ಗಿಡವನ್ನೇ ಕಿತ್ತರು. ಆಮೇಲೊಂದು ದಿನ ಬೋರಮ್ಮ ಇನ್ನಷ್ಟು ಹೆಂಗಸರನ್ನು ಕಟ್ಟಿಕೊಂಡು ಹಿನಕಲ್ಲಿಗೆ ಬಂದಾಗ, ನಿಮ್ಮ ಚಾಕಿಯೇ ಸರಿಯಿರಲಿಲ್ಲ ಎಂದು ಜಗಳಕ್ಕೆ ಬಂದಿದ್ದಾರೆ ಎಂದು ತೇಜಸ್ವಿನಿ ಹೆದರಿದ್ದಳು. ಅವರು ಬಂದದ್ದು ಬೇರೆಯೇ ಮಾತಿಗೆ. ಮಣ್ಣಿನ ಗೋಡೆಯ, ನಾಡಹೆಂಚಿನ ಅವಳ ಕೋಣೆಯ ನಡುವೆ ನಿಂತು ಗೋಡೆ ಮುಟ್ಟಿ ನೋಡಿದರು, ಮೇಲೆ ನೋಡಿದರು. "ತಾಯಿ, ಉಳಾವ ಇನ್ನೊಂದು ಜ್ವರ ಇಲ್ಲೇ ದಾಟುಸ್ಕೊಡು," ಎಂದಿದ್ದಳು ಬೋರಮ್ಮ. "ಬಲ್ತು ಬಂದ್ರೆ ನಮ್ ಶೆಡ್ನಾಗೆ ಇರೋದು ಒಸಿ ದಿನ. ಆ ಒಸಿ ದಿನ ಎಂಗಾರ ಮಾಡಿ ನಾವು ತಣ್ಗಿಟ್ಕೋತೀವಿ."

ಎಂಗಾರ ಮಾಡಿ ಎಂದದ್ದು ಬಾಯಿಮಾತಿಗಲ್ಲ. ಚಳಿಗಾಲದಲ್ಲಿ ತೇಜಸ್ವಿನಿ ಅವರ ಊರಿಗೆ ಹೋಗಿ ನೋಡಿದಳು. ಶೀಟಿನ ಮೇಲೆ ಸುಣ್ಣ ಬಳಿದಿದ್ದರು. ಅದರ ಮೇಲೆ ತೆಂಗಿನ ಸೋಗೆ ಹೊದಿಸಿದ್ದರು. ಗೋಡೆಯ ಬುಡದಲ್ಲಿ ಗಾಳಿ ಬರಲು ಕಿಂಡಿ ಕೊರೆದು ಜಾಲರಿ ಹಾಕಿದ್ದರು. ಪಡುವಣದ ಗೋಡೆಗೆ ಸೋರೆ, ಹೀರೆ ಬಳ್ಳಿ ಹಬ್ಬಿಸಿದ್ದರು. ಒಬ್ಬಳ ಶೆಡ್ಡಿಗೆ ಎಲ್ಲರೂ ಕೂಲಿಯಿಲ್ಲದೆ ದುಡಿದು, ಮಾರನೇ ವಾರ ಇನ್ನೊಬ್ಬಳದ್ದಕ್ಕೆ ಹೋಗುತ್ತಿದ್ದರು. ಗಿಡ ಕಿತ್ತಿದ್ದವರು ಕೂಡ ಉಳಿಸಿಕೊಂಡವರಿಂದ ಕಡ್ಡಿ ತಂದು ಮತ್ತೆ ನೆಟ್ಟಿದ್ದರು. ಹುಣಸೆಮರದ ಕೆಳಗಿನ ಬೋರಮ್ಮನ ಹಳೇ ಮಣ್ಣಿನ ಮನೆಯಲ್ಲಿ ರಾಗಿಹುಲ್ಲು ತುಂಬಿತ್ತು. ಅದರೊಳಗೆ ಕಾಲಿಟ್ಟಾಗ ತೇಜಸ್ವಿನಿಯ ಮೈ ತಣ್ಣಗಾಗಿತ್ತು. ಬಸ್ಸಿನಲ್ಲಿ ಹಿಂದಿರುಗುವಾಗ, ಮೂರನೇ ಜ್ವರದವರೆಗೆ ಹುಳು ಇಟ್ಟುಕೊಳ್ಳುವುದು ಅವಳಿಗೆ ಉಪಕಾರ ಎಂದು ಅನಿಸಿರಲಿಲ್ಲ. ಇಂಥವರ ಜೊತೆ ತಾನೂ ಒಂದು ಕೈ ಹಾಕುತ್ತಿದ್ದೇನೆ ಎಂದು ಅನಿಸಿತ್ತು.

ಬೋರಮ್ಮ ಎಲ್ಲ ಕೇಳಿ ಸೆರಗಿನಿಂದ ಕಾಲು ಒರೆಸಿಕೊಂಡಳು. "ನಮ್ ದೆಸೆಯಿಂದ ಆಗಿದ್ದು ಅನ್ನು."

"ಹಂಗಂತ ಯಾರಂದ್ರು."

"ಯಾರೂ ಅನ್ನಲ್ಲ. ನಂಗೆ ಕಾಣ್ತದಲ್ಲ." ಒದ್ದೆಯಾದ ಸೆರಗು ಕೊಡವಿ, "ಜ್ವರದಾಗೆ ಉಳ ಕಾಯೋಕೆ ನಾನಿಲ್ವಾ? ಇಬ್ರು ಬತ್ತೀವಿ, ನೀ ಓಗು," ಎಂದಳು.

"ಹಂಗಲ್ಲ ಬೋರಕ್ಕ," ಎಂದು ತೇಜಸ್ವಿನಿ ಏನೋ ಹೇಳಹೊರಟು ನಿಲ್ಲಿಸಿದಳು. ಅತ್ತೆ ಹೋದ ಮೇಲೆ ಜ್ವರದ ಹೊತ್ತಿನಲ್ಲಿ ಈ ಕೋಣೆಯನ್ನು ಅವಳು ಯಾರ ಕೈಗೂ ಬಿಟ್ಟಿರಲಿಲ್ಲ. ಸೊಪ್ಪು ಹೆಚ್ಚಲು ಯಾರಾದರೂ ಸರಿ. ಕಾಯುವುದು ಬೇರೆ. ಬೋರಮ್ಮನಿಗೂ ಅದು ತಿಳಿಯಿತು. ಒಳಗೆ ಹೋಗಿ ಸೊಪ್ಪಿನ ಮುಂದೆ ಕೂತಳು. ಹೊರಡುವಾಗ ಮಾತ್ರ, "ನಿನ್ ಮಗಳ ಜಡೆ ಎಷ್ಟುದ್ದ?" ಎಂದು ಕೇಳಿದಳು.

"ಸೊಂಟದ ತನಕ. ಯಾಕೆ?"

"ಸುಮ್ನೆ ಕೇಳ್ದೆ."

ಭಾನುವಾರ ಬೆಳಗ್ಗೆ ಕೋಣೆಯಲ್ಲಿ ಸದ್ದಿರಲಿಲ್ಲ. ತಟ್ಟೆಗಳ ಮೇಲೆ ತೇವ ಹೀರಲು ಹಾಕಿದ ಸುಣ್ಣದ ಪುಡಿ ತೆಳ್ಳಗೆ ಹರಡಿತ್ತು. ಹುಳುಗಳೆಲ್ಲ ತಲೆ ಎತ್ತಿ ನಿಶ್ಚಲವಾಗಿದ್ದವು. ತೇಜಸ್ವಿನಿ ಸ್ನಾನ ಮಾಡಿ, ಸೀರೆಯುಟ್ಟು, ಮಡಿಲಿಗೆ ತುಂಬುವ ಅಕ್ಕಿ, ಕೊಬ್ಬರಿ, ಬೆಲ್ಲದ ಚೀಲ ಜಗಲಿಯಲ್ಲಿಟ್ಟುಕೊಂಡು ಕೂತಿದ್ದಳು. ಕೋಣೆಗೆ ಬೀಗ ಹಾಕಿ ಹೋಗಿಬರಬೇಕು ಎಂಬುದಷ್ಟೇ ತೀರ್ಮಾನವಾಗಿತ್ತು. ಅಲ್ಲಿ ಹೋಗಿ ಜಡೆ ಮುಟ್ಟುವುದೋ ಬಿಡುವುದೋ ಎಂಬುದು ಆಗಿರಲಿಲ್ಲ. ಮುಟ್ಟಿದರೆ ನಾಳೆಯವರೆಗೂ ಈ ಕೋಣೆಗೆ ಬರುವಂತಿಲ್ಲ. ಮುಟ್ಟದಿದ್ದರೆ ಮಗಳು ಎಲ್ಲರೆದುರು ಬರೀ ಜಡೆಯಲ್ಲಿ ಹಸೆಯ ಮೇಲೆ ಕೂರುತ್ತಾಳೆ.

ಗೇಟು ಕಿರುಗುಟ್ಟಿತು. ಬೋರಮ್ಮ, ಹಿಂದೆ ಅವಳ ಸೊಸೆ. ಸೊಸೆಯ ಕೈಯಲ್ಲಿ ಒಂದು ಅಗಲದ ಸ್ಟೀಲ್ ಡಬ್ಬ. ಬೋರಮ್ಮ ಅದನ್ನು ತೆಗೆದುಕೊಂಡು ಜಗಲಿಯ ಮೇಲಿಟ್ಟು ಮುಚ್ಚಳ ತೆಗೆದಳು.

ಒಳಗೆ ಮೊಗ್ಗಿನ ಜಡೆ ಸುರುಳಿ ಸುತ್ತಿ ಮಲಗಿತ್ತು. ಮೊಗ್ಗಲ್ಲ ಎಂದು ತಿಳಿಯಲು ತೇಜಸ್ವಿನಿಗೆ ಒಂದು ಗಳಿಗೆ ಬೇಕಾಯಿತು. ರೇಷ್ಮೆ ಗೂಡುಗಳು. ಕೆಲವನ್ನು ಸೀಳಿ ದಳ ಮಾಡಿದ್ದರು, ಕೆಲವನ್ನು ಇಡಿಯಾಗಿ ಮೊಗ್ಗಿನ ಹಾಗೆ ಸಾಲಾಗಿ ಪೋಣಿಸಿದ್ದರು. ಬಿಳಿಯ ಸಾಲಿನ ನಡುವೆ ಅಲ್ಲಲ್ಲಿ ಹಳದಿ ಗೂಡು. ತುದಿಯಲ್ಲಿ ಕುಚ್ಚು. ಅವಳು ಡಬ್ಬದ ಹತ್ತಿರ ಮುಖ ತಂದು ಉಸಿರೆಳೆದಳು. ಬಿಸಿಲಿಗೆ ಒಣಗಿದ ಬಟ್ಟೆಯ ವಾಸನೆ, ಅಷ್ಟೇ.

"ರೈತ್ರು ಸಭೇಲಿ ದೊಡ್ಡೋರಿಗೆ ಆಕ್ತಾರಲ್ಲ ಗೂಡಿನ ಆರ, ಅದ್ನ ಕಟ್ಟಿ ಕಟ್ಟಿ ನಮ್ಮೋರ್ಗೆ ಕೈ ಕುಂತದೆ," ಎಂದಳು ಬೋರಮ್ಮ. "ಊರಿನೋರೆಲ್ಲ ಸೇರಿ ಕಟ್ಟವ್ರೆ. ನಮ್ ಸೊಸೆ ಮಾತ್ರ ಎಲ್ಡು ಸಲ ಬಿಚ್ಚಿ ಕಟ್ಟಿದ್ಲು, ಮೈಸೂರೋರು ನಗಾಡ್ತಾರೆ ಅಂತ."

ಸೊಸೆ ತಲೆ ತಗ್ಗಿಸಿ ನಕ್ಕಳು.

"ಬೋರಕ್ಕ, ಗೂಡು ಬೇಯಿಸಿದ್ದಲ್ವಾ. ಬಸುರಿ ತಲೆಗೆ..."

"ಅಷ್ಟು ತಿಳೀದ ನಂಗೆ? ಒಂದ್ ಎತ್ಕೊಂಡು ನೋಡು." ಬೋರಮ್ಮ ಒಂದು ಗೂಡಿನ ತುದಿಯನ್ನು ಬೆರಳಿನಿಂದ ತೋರಿಸಿದಳು. ಅಲ್ಲಿ ದುಂಡನೆಯ ಸಣ್ಣ ತೂತು. "ಮೊಟ್ಟೆ ಮಾಡೋ ಕಡೆಯಿಂದ ಕೇಳಿ ತಂದಿದ್ದು. ಚಿಟ್ಟೆ ಆಚೆ ಬಂದಿರೋ ಗೂಡು. ನೂಲು ತೆಗ್ಯಕೆ ಬರಲ್ಲ ಅಂತ ಕಸಕ್ ಆಕ್ತಾರೆ. ನಮಗೇನು ನೂಲು ಬೇಕಾ."

ಕೋಣೆಯ ಬೀಗದ ಕೈ ತೇಜಸ್ವಿನಿಯ ಸೊಂಟದಲ್ಲಿತ್ತು. ಅದನ್ನು ತೆಗೆದು ಬೋರಮ್ಮನ ಕೈಗಿಟ್ಟಳು. ಬೋರಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡಳು.

ಲಗೇಜ್ ಆಟೋದಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳನ್ನು ಚೆಲುವರಾಜು ಕೇಳಿದ, "ಕೀ ಕೊಟ್ಟೆಯಾ?"

"ಹೂಂ."

"ಮೂವತ್ತು ವರ್ಷ ಸಂಸಾರ ಮಾಡಿದ್ರೂ ನನ್ ಕೈಗೆ ಕೊಟ್ಟಿಲ್ಲ."

"ನೀವು ಬೀಡಿ ಬಿಡಿ, ಕೊಡ್ತೀನಿ."

"ಈ ವಯಸ್ಸಿನಲ್ಲಿ ಕೀ ಇಟ್ಕೊಂಡು ನಾನೇನ್ ಮಾಡ್ಲಿ," ಎಂದು ಅವನು ಗೇರ್ ಬದಲಾಯಿಸಿದ.

ಒಂಟಿಕೊಪ್ಪಲಿನ ಮನೆಯ ತಾರಸಿಗೆ ಶಾಮಿಯಾನ ಹಾಕಿದ್ದರು. ಕೆಳಗೆ ಅಡುಗೆ. ಮೇಲೆ ಹೆಂಗಸರು, ಬೀಸಣಿಗೆಗಳು, ಮಲ್ಲಿಗೆ. ಸಿಂಚನ ಹಸಿರು ಸೀರೆಯಲ್ಲಿ, ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಹಸೆಯ ಮೇಲೆ ಕೂತಿದ್ದಳು. ಜಡೆ ಬರಿದಾಗಿ ಬೆನ್ನ ಮೇಲೆ ಇಳಿಬಿದ್ದಿತ್ತು. ತಾಯಿಯನ್ನು ಕಂಡು ನಕ್ಕಳು. ಆ ನಗುವಿನಲ್ಲಿ ನಿರೀಕ್ಷೆ ಇರಲಿಲ್ಲ. ಅದೇ ತೇಜಸ್ವಿನಿಯನ್ನು ಚುಚ್ಚಿತು.

ಹೂವಿನ ತಟ್ಟೆ ಹಿಡಿದ ಹುಡುಗಿಯೊಬ್ಬಳು ಎದುರು ಬಂದಳು. ತೇಜಸ್ವಿನಿ ಕೈಮುಗಿಯುವ ಮೊದಲೇ ಗಿರಿಜಾಂಬಾ ಹಿಂದಿನಿಂದ, "ನಮ್ಮ ಬೀಗ್ತಿಗೆ ಹೂವಲ್ಲ ಕಣೆ, ಒಂದು ಹಿಡಿ ಸೊಪ್ಪು ತಂದುಕೊಡು," ಎಂದರು. ಹೆಂಗಸರು ನಕ್ಕರು. ನಗು ಮುಗಿದ ಮೇಲೆ ಗಿರಿಜಾಂಬಾರ ಕಣ್ಣು ಡಬ್ಬದ ಮೇಲೆ ಬಿತ್ತು. "ಜಡೆ ತಂದ್ರಾ?"

ತೇಜಸ್ವಿನಿ ಮುಚ್ಚಳ ತೆಗೆದಳು.

ಯಾರೋ, "ಅಯ್ಯೋ, ಗೂಡು," ಎಂದರು. ಗಿರಿಜಾಂಬಾರ ದೊಡ್ಡಮ್ಮನೊಬ್ಬರು ಕುರ್ಚಿಯಿಂದಲೇ ಬಗ್ಗಿ ನೋಡಿ ಮುಖ ಹಿಂದಕ್ಕೆಳೆದುಕೊಂಡರು. "ಹುಳಾನ ಒಳಗೇ ಬೇಯಿಸಿ ಸಾಯಿಸಿರೋ ಗೂಡಲ್ವೇನಮ್ಮ ಇದು? ಚೊಚ್ಚಲ ಬಸುರಿ ಬೆನ್ನ ಮೇಲೆ ಇದನ್ನ ಇಳಿಬಿಡೋದಾ?"

ಹೆಂಗಸರೆಲ್ಲ ತೇಜಸ್ವಿನಿಯ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ತೇಜಸ್ವಿನಿ ಎಷ್ಟೋ ವರ್ಷಗಳಿಂದ ಕೈಮುಗಿದು ಸುಮ್ಮನಾಗುತ್ತಿದ್ದಳು. ಇವತ್ತು ಡಬ್ಬ ಅವಳೊಬ್ಬಳದ್ದಾಗಿರಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದ ಆ ಸೊಸೆಯ ತಗ್ಗಿದ ಮುಖ ನೆನಪಾಯಿತು. ಅವಳು ಜಡೆಯನ್ನು ಎತ್ತಿಕೊಂಡು ದೊಡ್ಡಮ್ಮನ ಮುಂದೆ ಕೂತು, ಅವರ ತೋರುಬೆರಳನ್ನು ಹಿಡಿದು ಗೂಡಿನ ತುದಿಗೆ ಮುಟ್ಟಿಸಿದಳು.

"ತೂತು ಸಿಕ್ತಾ ದೊಡ್ಡಮ್ಮ? ಬೇಯಿಸಿದ ಗೂಡಿಗೆ ತೂತಿರಲ್ಲ. ಇದರೊಳಗಿದ್ದದ್ದು ಹೊತ್ತಿಗೆ ಸರಿಯಾಗಿ ತಾನೇ ಬಾಗಿಲು ಮಾಡ್ಕೊಂಡು ಆಚೆ ಬಂದಿದೆ. ಎಲ್ಲಾ ಗೂಡೂ ಅಂಥದ್ದೇ. ಒಂದೊಂದೂ ಹೆತ್ತಿರೋ ಗೂಡು."

ಮುದುಕಿ ಒಂದು ಗೂಡಿನಿಂದ ಇನ್ನೊಂದಕ್ಕೆ ಬೆರಳು ಸರಿಸಿದರು. ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಅವರ ತುಟಿ ಅಲುಗುತ್ತಿತ್ತು.

"ಯಾರು ಕಟ್ಟಿದ್ದು?" ಎಂದರು ಗಿರಿಜಾಂಬಾ.

"ಹುಳ ಸಾಕೋ ಹೆಂಗಸರು. ನರಸೀಪುರದ ಕಡೆಯೋರು. ಅವರಿಗೋಸ್ಕರ ನಾನು ಹುಳ ಇಟ್ಕೊಂಡಿದ್ದೀನಿ ಅಂತ, ನನಗೋಸ್ಕರ ಅವರು ಇದನ್ನ ಕಟ್ಟಿದ್ದಾರೆ."

ಗಿರಿಜಾಂಬಾ ಕನ್ನಡಕ ಸರಿಮಾಡಿಕೊಂಡು ಜಡೆಯನ್ನು ತುದಿಯಿಂದ ತುದಿಗೆ ನೋಡಿದರು. "ಇಷ್ಟು ಜನ ಹೆತ್ತಿರೋರು ಹರಸಿ ಕಳಿಸಿದ್ದನ್ನ ನಾನ್ಯಾಕೆ ಬೇಡ ಅನ್ಲಿ. ಸಾಯಂಕಾಲಕ್ಕೆ ಬಾಡೋದೂ ಇಲ್ಲ. ಕಟ್ಟಿ ಬೀಗ್ತಿ, ಹೊತ್ತಾಗುತ್ತೆ."

ತೇಜಸ್ವಿನಿ ಮಗಳ ಹಿಂದೆ ಮಂಡಿಯೂರಿ ಕೂತಳು. ಕೂದಲು ಕೈಗೆ ಬಂದಾಗ, ಇದನ್ನು ಹೀಗೆ ಹಿಡಿದು ಎಷ್ಟು ಕಾಲವಾಯಿತು ಎಂದು ತಿಳಿಯಲಿಲ್ಲ. ಗೂಡಿನ ಸಾಲನ್ನು ನೆತ್ತಿಯ ಕೆಳಗೆ ಕೂರಿಸಿ, ದಾರ ಬಿಗಿದು, ಒಂದೊಂದೇ ಗಂಟು ಹಾಕುತ್ತಾ ಕೆಳಗಿಳಿದಳು. ಜಡೆ ಹಗುರಾಗಿತ್ತು. ಸಿಂಚನ ಅಲುಗದೆ ಕೂತಿದ್ದಳು.

"ಭಾರ ಆಗ್ತಿದೆಯಾ?"

"ಇಲ್ಲಮ್ಮ. ಚೆನ್ನಾಗಿದೆ." ಆಮೇಲೆ, ಬೇರೆಯವರಿಗೆ ಕೇಳದ ಹಾಗೆ, "ಅಮ್ಮ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಬಾಣಂತನಕ್ಕೆ ನಾನು ಇಲ್ಲೇ ಇರ್ತೀನಿ. ಅತ್ತೆ ಒಪ್ಕೊಂಡಿದ್ದಾರೆ. ಮಗುಗೆ ದಿನಾ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡ್ಬೇಕಲ್ವಾ. ಅಲ್ಲಿ ನಿನಗೆ ಕಷ್ಟ ಆಗುತ್ತೆ," ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿ ತಾಯಿಯ ಕಷ್ಟವನ್ನೇ ಯೋಚಿಸಿದ್ದಳು. ತೇಜಸ್ವಿನಿಯ ಬೆರಳು ಒಂದು ಗಂಟಿನ ಮೇಲೆ ನಿಂತಿತು. ಚೊಚ್ಚಲ ಬಾಣಂತನ ತವರಿನಲ್ಲಾಗುವುದು ಮಗಳ ಹಕ್ಕು. ಆ ಹಕ್ಕನ್ನು ಹುಡುಗಿ ಸದ್ದಿಲ್ಲದೆ ತೆಗೆದು, ಚಿಕ್ಕಂದಿನಲ್ಲಿ ಹೂ ಸಿಕ್ಕಿಸುತ್ತಿದ್ದ ಹಾಗೆ, ಮೊಳೆಗೆ ಸಿಕ್ಕಿಸಿಬಿಟ್ಟಿದ್ದಳು. ಈ ಸಲ ಅಳಲೂ ಇಲ್ಲ.

"ನೋಡೋಣ," ಎಂದಳು ತೇಜಸ್ವಿನಿ. ಕುಚ್ಚನ್ನು ಬಿಗಿದು ಎದ್ದಳು.

ಆರತಿ, ಮಡಿಲು ತುಂಬುವುದು, ಊಟ ಎಲ್ಲ ಆಗುವ ಹೊತ್ತಿಗೆ ಶಾಮಿಯಾನದ ಬಟ್ಟೆ ಕೂಡ ಬಿಸಿ ಉಗುಳುತ್ತಿತ್ತು. ಕರೆಂಟು ಹೋಯಿತು. ಬೀಸಣಿಗೆಗಳು ಜೋರಾದವು. ತೇಜಸ್ವಿನಿಯ ಮನಸ್ಸು ಆಗಲೇ ಹಿನಕಲ್ಲಿನಲ್ಲಿತ್ತು. ಇಂಥ ಸೆಕೆಯಲ್ಲಿ ಸಾಮಾನ್ಯ ದಿನವಾದರೆ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿಬಿಡಬಹುದು. ಜ್ವರದಲ್ಲಿ ಕೋಣೆ ಒಣಗಿರಬೇಕು, ತೇವ ಸೇರಬಾರದು. ತಂಪೂ ಬೇಕು, ತೇವವೂ ಬೇಡ. ಅದನ್ನು ಬೋರಮ್ಮನಿಗೆ ಹೇಳಿ ಬಂದೆನೇ? ಹೇಳಿರಲಿಲ್ಲ. ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಕೋಣೆಯೊಳಗೆ ಫೋನ್ ಒಯ್ಯಬಾರದೆಂಬ ನಿಯಮ ಮಾಡಿದವಳು ತಾನೇ.

ಹೊರಡುವಾಗ ಗಿರಿಜಾಂಬಾ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆಯ ಪೊಟ್ಟಣವೊಂದನ್ನು ಅವಳ ಚೀಲದೊಳಗೆ ತುರುಕಿದರು. "ಮುಡೀಬೇಡಿ. ಇಟ್ಕೊಳ್ಳಿ. ಸೀಮಂತದ ಮನೆಯಿಂದ ಬರಿಗೈಲಿ ಕಳಿಸಬಾರದು."

ಹಿನಕಲ್ಲಿನ ಗೇಟಿನ ಮುಂದೆ ಆಟೋ ನಿಂತಾಗ ಬಿಸಿಲು ಓರೆಯಾಗಿತ್ತು. ಅವಳು ಪೊಟ್ಟಣ ಬಿಚ್ಚಿ, ನಾರಿನ ತುದಿಯನ್ನಷ್ಟೇ ಹಿಡಿದು, ಮಲ್ಲಿಗೆಯ ದಂಡೆಯನ್ನು ಮೊಳೆಗೆ ಸಿಕ್ಕಿಸಿ ನೇರ ಬಚ್ಚಲಿಗೆ ಹೋದಳು. ತಲೆಗೆ ನೀರು ಸುರಿದುಕೊಂಡು, ಬೇರೆ ಸೀರೆ ಸುತ್ತಿಕೊಂಡು ಕೋಣೆಯ ಹಿಂಬದಿಗೆ ಬಂದವಳು ಅಲ್ಲೇ ನಿಂತಳು.

ಪಡುವಣದ ಗೋಡೆಯ ಹೊರಮೈಯಿಂದ ಗೇಣಗಲ ದೂರದಲ್ಲಿ, ಬಿದಿರಿನ ಗಳುಗಳಿಗೆ, ಒದ್ದೆ ಗೋಣಿತಾಟುಗಳನ್ನು ಸಾಲಾಗಿ ಇಳಿಬಿಟ್ಟಿದ್ದರು. ಗೋಡೆ ಒದ್ದೆಯಾಗಿರಲಿಲ್ಲ. ಬಿಸಿಲು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. ಬೋರಮ್ಮನ ಸೊಸೆ ಏಣಿ ಹತ್ತಿ ಹೆಂಚಿನ ಮೇಲೆ ಸೊಪ್ಪಿನ ಕಡ್ಡಿಗಳ ಹೊರೆ ಹರಡುತ್ತಿದ್ದಳು. ಹೋದ ವರ್ಷ ಕಳೆದುಕೊಂಡದ್ದರಿಂದ ಅವರ ಊರು ಕಲಿತದ್ದೆಲ್ಲ ಈಗ ತನ್ನ ಕೋಣೆಗೆ ನೆರಳಾಗಿ ಬಂದಿದೆ ಎಂದು ತೇಜಸ್ವಿನಿಗೆ ಅನಿಸಿತು.

ಕಿಟಕಿಯ ಜಾಲರಿಯಿಂದ ಒಳಗೆ ನೋಡಿದಳು. ಹುಳುಗಳು ಏಳುತ್ತಿದ್ದವು. ಹಳೆಯ ಪೊರೆ ಕಳಚಿ ಮಾಸಲು ಬಣ್ಣದ ಹೊಸ ಮೈಯಲ್ಲಿ ಅಲ್ಲೊಂದು ಇಲ್ಲೊಂದು ತೆವಳಿ ಸೊಪ್ಪು ಹುಡುಕುತ್ತಿದ್ದವು. ಹೆಚ್ಚಿನವು ಇನ್ನೂ ತಲೆಯೆತ್ತಿ ನಿಂತೇ ಇದ್ದವು. ಸೊಪ್ಪಿನ ಕುಕ್ಕೆ ಒದ್ದೆ ಬಟ್ಟೆ ಮುಚ್ಚಿಕೊಂಡು ಬೋರಮ್ಮನ ಪಕ್ಕದಲ್ಲೇ ಇತ್ತು. ಅವಳು ಅದನ್ನು ಮುಟ್ಟಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಟ್ಟೆಯೊಂದರ ಮೇಲೆ ಬಗ್ಗಿ, ಹಸಿದ ಹುಳುಗಳಿಗೆ ಹೇಳುತ್ತಿದ್ದಳು. "ತಡ್ಕಳಿ ಕಣ್ರಪ್ಪ. ನಿಮ್ ಅಣ್ಣ ತಮ್ಮಂದ್ರು ಏಳ್ಲಿ. ಎಲ್ಲಾ ಒಟ್ಗೆ ಉಣ್ಣಿವ್ರಂತೆ."

ತೇಜಸ್ವಿನಿಗೆ ಎದೆಯಲ್ಲಿ ಸಣ್ಣದೊಂದು ಇರಿತವಾಯಿತು. ತಾನಿಲ್ಲದೆಯೂ ಹುಳು ಎದ್ದಿದ್ದವು. ಅದು ಹೊಟ್ಟೆಕಿಚ್ಚು ಎಂದು ಅವಳಿಗೆ ತಿಳಿಯಿತು, ತಿಳಿದದ್ದಕ್ಕೆ ನಗು ಬಂತು. ಆ ಹಿಂದೆಯೇ, ಬಹಳ ಹೊತ್ತಿನಿಂದ ಹೊತ್ತಿದ್ದ ಕೊಡವನ್ನು ಯಾರೋ ತಲೆಯಿಂದ ಇಳಿಸಿಕೊಂಡ ಹಾಗಾಯಿತು. ಸುತ್ತ ನೋಡಿದಳು. ಮೂರು ಕಡೆ ಕಾಂಕ್ರೀಟಿನ ಗೋಡೆಗಳು ಹಗಲಿಡೀ ಕುಡಿದ ಬಿಸಿಲನ್ನು ಈಗ ಅವಳ ಹೆಂಚಿನ ಮೇಲೆ ಹಿಂದಿರುಗಿಸುತ್ತಿದ್ದವು. ಪ್ರತಿ ಬೇಸಿಗೆಯೂ ಈ ಕೋಣೆ ಹಿಂದಿನದಕ್ಕಿಂತ ಬಿಸಿಯಾಗುತ್ತಿತ್ತು. ಬೋರಮ್ಮನ ಹುಣಸೆಮರದ ಕೆಳಗಿನ ಹಳೇ ಮನೆ ನೆನಪಾಯಿತು. ಅದರಲ್ಲಿರುವುದು ರಾಗಿಹುಲ್ಲು. ಹುಲ್ಲನ್ನು ಹೊರಗೆ ಹಾಕಬಹುದು. ಗೋಡೆಗೆ ಸುಣ್ಣ ಬಳಿಯಬಹುದು. ಕಿಟಕಿಗೆ ಜಾಲರಿ ಹೊಡೆಸಬಹುದು. ಮುಂದಿನ ಚಾಕಿಯ ತಟ್ಟೆಗಳು ಚೆಲುವರಾಜುವಿನ ಆಟೋದಲ್ಲಿ ಹಿಡಿಸುತ್ತವೆ.

"ಬಂದ್ಯಾ?" ಬೋರಮ್ಮ ಕಿಟಕಿಯಲ್ಲಿ ಅವಳ ನೆರಳು ಕಂಡು ಎದ್ದು ಬಾಗಿಲಿಗೆ ಬಂದು ಸೆರಗಿನಿಂದ ಬೀಗದ ಕೈ ಬಿಚ್ಚಿದಳು. "ಜಡೆ ಕಟ್ದಾ? ಏನಂದ್ರು?"

"ಕಟ್ದೆ. ಅಲ್ಲೊಬ್ಬರು ದೊಡ್ಡಮ್ಮ ಒಂದೊಂದು ಗೂಡೂ ಮುಟ್ಟಿ ನೋಡಿದ್ರು."

"ನಮ್ ಸೊಸೆಗೆ ಏಳು. ನೆನ್ನೆ ಸಂದೇ ತಂಕ ನಗಾಡ್ತಾರೆ ನಗಾಡ್ತಾರೆ ಅಂತ ಪ್ರಾಣ ತೆಗೆದ್ಲು." ಬೋರಮ್ಮ ಬೀಗದ ಕೈ ಚಾಚಿದಳು. "ತಕಾ. ಇನ್ನ ನೀನುಂಟು, ನಿನ್ ಮಕ್ಳುಂಟು. ಮುಂದ್ಲ ಬೆಳೆಗೆ ಮೊಟ್ಟೆ ಯಾವಾಗ ಕೂರುಸ್ತೀಯಾ?"

ಮುಂದಿನ ಬೆಳೆ ಬರುವುದು ಮಳೆಗಾಲದಲ್ಲಿ. ಸಿಂಚನಳ ದಿನ ತುಂಬುವುದೂ ಆಗಲೇ. ತೇಜಸ್ವಿನಿಯ ಕಣ್ಣ ಮುಂದೆ ಈ ಕೋಣೆ ಹುಳುವಿಲ್ಲದೆ, ಬಾಣಂತಿಯ ಕೋಣೆಯಾಗಿ ಕಂಡಿತು. ಮೂಲೆಯಲ್ಲಿ ನೀರೊಲೆಯ ಕೆಂಡ, ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ, ಬಿದಿರಿನ ಬುಟ್ಟಿಯ ಮೇಲೆ ಹರಡಿದ ಮಗಳ ಒದ್ದೆ ಕೂದಲು.

"ಹೇಳ್ತೀನಿ ಬೋರಕ್ಕ," ಎಂದಳು. ಬೀಗದ ಕೈ ತೆಗೆದುಕೊಳ್ಳಲಿಲ್ಲ. ಕೈಕಾಲು ತೊಳೆದು ಒಳಗೆ ಬಂದು, ಸೊಪ್ಪಿನ ಕುಕ್ಕೆಯ ಪಕ್ಕ, ತಾನು ಎಂದೂ ಕೂರದ ಬದಿಯಲ್ಲಿ ಕೂತಳು. ಕತ್ತಿ ಬೋರಮ್ಮನ ಕಡೆಗಿತ್ತು.

ಕೊನೆಯ ಹುಳುಗಳೂ ಎದ್ದು ತಲೆಯಾಡಿಸಿದ ಮೇಲೆ ಬೋರಮ್ಮ ಅವಳ ಮುಖ ನೋಡಿದಳು. "ಮೊದ್ಲ ಸೊಪ್ಪು ನೀನೇ ಆಕು. ನಿನ್ ಕೈ ಗುಣ."

"ನೀವೇ ಹೆಚ್ಚಿ, ನೀವೇ ಹಾಕಿ," ಎಂದಳು ತೇಜಸ್ವಿನಿ. "ನಾನು ನೋಡ್ತೀನಿ."

ಹೊರಗೆ ಚೆಲುವರಾಜು, ಮೊಳೆಯಲ್ಲಿರೋ ಹೂವು ಬಾಡ್ತಿದೆ, ಯಾರದ್ದದು ಎಂದು ಕೂಗಿ ಕೇಳಿದ. ನನ್ನದೇ, ಅಲ್ಲೇ ಇರಲಿ ಎಂದು ಅವಳು ಒಳಗಿನಿಂದ ಉತ್ತರ ಕೊಟ್ಟಳು. ಬೋರಮ್ಮನ ಕೈಯಲ್ಲಿ ಸೊಪ್ಪಿನ ಪಟ್ಟಿಗಳು ಅಳತೆ ತಪ್ಪದೆ ಬೀಳುತ್ತಿದ್ದವು.